ಅಂಕ ಹೆಚ್ಚಿಟ್ಟರೆ ವೇಟೇಜೂ ಹೆಚ್ಚುತ್ತದೆಯೇ?

"ಪ್ರಾಜೆಕ್ಟಿಗೆ 100 ಅಂಕ ಇಟ್ಟೀನಿ ಸರ್, ಕ್ವಿಜ್‌ಗೆ ಬರೀ ಹತ್ತು. ಪ್ರಾಜೆಕ್ಟಿಗೇ ವೇಟೇಜ್ ಜಾಸ್ತಿ ಬಿತ್ತಲ್ಲ?" ದಾವಣಗೆರೆ, ಹರಿಹರದ ಸ್ಟಾಫ್ ರೂಮುಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬೀಳಲಿಲ್ಲ!

ಆನ್‌ಲೈನ್ ಕಲಿಕೆಯ ತಂತ್ರಾಂಶವಾದ ಮೂಡಲ್‌ನಲ್ಲಿ ಅಂಕ ಲೆಕ್ಕ ಹಾಕುವ ಗ್ರೇಡ್‌ಬುಕ್ಕನ್ನು ಹಾಗೇ ಬಿಟ್ಟರೆ ಅದು ಎಲ್ಲ ಅಂಕಗಳನ್ನೂ ಸುಮ್ಮನೆ ಕೂಡುತ್ತದೆ. ಹತ್ತು ಅಂಕದ ಕ್ವಿಜ್ ಹನ್ನೆರಡು ಕೊಟ್ಟರೆ 120 ಆಯಿತು. ಪ್ರಾಜೆಕ್ಟ್ 100ರಲ್ಲೇ ಉಳಿಯಿತು. ನಿಮ್ಮ ಮನಸ್ಸಿನಲ್ಲಿದ್ದದ್ದು ಪ್ರಾಜೆಕ್ಟಿಗೆ ಶೇಕಡಾ 60, ಕ್ವಿಜ್‌ಗೆ ಶೇಕಡಾ 40. ಈಗ ಇಬ್ಬರು ಹುಡುಗಿಯರನ್ನು ನೋಡಿ. ಮೊದಲನೆಯವಳಿಗೆ ಪ್ರಾಜೆಕ್ಟಲ್ಲಿ 90, ಕ್ವಿಜ್‌ಗಳಲ್ಲಿ 60. ಎರಡನೆಯವಳಿಗೆ ಪ್ರಾಜೆಕ್ಟಲ್ಲಿ 50, ಕ್ವಿಜ್‌ಗಳಲ್ಲಿ 108. ಬರೀ ಕೂಡಿದರೆ 220ಕ್ಕೆ 150 ಮತ್ತು 158, ಎರಡನೆಯವಳು ಮುಂದೆ. ವೇಟೇಜ್ ಹಾಕಿದರೆ 74 ಮತ್ತು 66, ಮೊದಲನೆಯವಳು ಮುಂದೆ. ತಿಂಗಳುಗಟ್ಟಲೆ ಪ್ರಾಜೆಕ್ಟಿಗೆ ಕೂತವಳನ್ನು ಹಿಂದೆ ತಳ್ಳಿದ್ದು ಮೇಷ್ಟ್ರು ಮುಟ್ಟದೇ ಬಿಟ್ಟ ಒಂದು ಸೆಟ್ಟಿಂಗ್.

ಸಿಟ್ಟು ಬರುವುದು ಏಕೆಂದರೆ, ಈ ಲೆಕ್ಕ ನಮ್ಮೂರಿಗೆ ಹೊಸದಲ್ಲ. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಾದ ಯುಬಿಡಿಟಿ, ಬಿಐಇಟಿಯ ವಿದ್ಯಾರ್ಥಿಗಳನ್ನು ಕೇಳಿ. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುವಿನ 2022ರ ಸ್ಕೀಮಿನಲ್ಲಿ ಥಿಯರಿ ಪೇಪರ್ 100ಕ್ಕೆ ಬರೆಸಿ 50ಕ್ಕೆ ಇಳಿಸುತ್ತಾರೆ, ಇಂಟರ್ನಲ್ಸ್‌ಗೆ ಇನ್ನೊಂದು 50. ಪೇಪರ್ ನೂರರದ್ದು ಅಂತ ಅದರ ವೇಟೇಜ್ ಇಮ್ಮಡಿಯಾಗುವುದಿಲ್ಲ. ಕಾಗದದ ಮೇಲೆ ಇಷ್ಟು ಸಲೀಸಾಗಿ ತಿಳಿಯುವುದು ಪರದೆಯ ಮೇಲೆ ಮರೆತುಹೋಗುತ್ತದೆ.

ಮಾಡಬೇಕಾದ್ದು ಇಷ್ಟೇ: ಪ್ರಾಜೆಕ್ಟಿಗೊಂದು, ಕ್ವಿಜ್‌ಗೊಂದು ಕೆಟಗರಿ, ಮೇಲಿನ ಹಂತದಲ್ಲಿ 'ವೇಟೆಡ್ ಮೀನ್', 60 ಮತ್ತು 40. ಪಕ್ಕದಲ್ಲೇ ಇರುವ 'ಸಿಂಪಲ್ ವೇಟೆಡ್ ಮೀನ್' ಒತ್ತಬೇಡಿ. ಅದು ಮತ್ತೆ ಗರಿಷ್ಠ ಅಂಕವನ್ನೇ ವೇಟೇಜ್ ಎಂದು ಹಿಡಿಯುತ್ತದೆ.

ವೇಟೇಜ್ ಕೂಡಿದರೆ 100 ಆಗಲೇಬೇಕು ಎಂಬ ಮೇಷ್ಟ್ರುಗಳ ಇನ್ನೊಂದು ನಂಬಿಕೆ ಗೂಗಲ್ ಕ್ಲಾಸ್‌ರೂಮಿನಲ್ಲಿ ನಿಜ. ಮೂಡಲ್‌ನ ವೇಟೆಡ್ ಮೀನ್‌ಗೆ 3 ಮತ್ತು 2 ಕೊಟ್ಟರೂ ಅದೇ ಉತ್ತರ. ಖಾಲಿ ಬಿಟ್ಟ ಕಾಲಂ ಸೊನ್ನೆಯೂ ಅಲ್ಲ: ಖಾಲಿಯನ್ನು ಲೆಕ್ಕದಿಂದ ಬಿಡುವ ಸೆಟ್ಟಿಂಗ್ ಇದ್ದರೆ, ಅಸೈನ್‌ಮೆಂಟ್ ಕೊಡದವನ ಸರಾಸರಿ ಒಂಚೂರೂ ಇಳಿಯುವುದಿಲ್ಲ.

ವಿದ್ಯಾರ್ಥಿಗಳ ನಂಬಿಕೆ ಬೇರೆ. ಎನ್‌ಪಿಟೆಲ್‌ನ ಆನ್‌ಲೈನ್ ಕೋರ್ಸಿನಲ್ಲಿ ಅಸೈನ್‌ಮೆಂಟ್ ಚೆನ್ನಾಗಿ ಮಾಡಿದರೆ ಸಾಕಂತೆ. ಅಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಜೊತೆಗೆ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಮುಟ್ಟಲೇಬೇಕು. 25ಕ್ಕೆ 25 ತೆಗೆದು ಪರೀಕ್ಷೆಯಲ್ಲಿ 29ಕ್ಕೆ ನಿಂತವನ ಒಟ್ಟು 54, ಸರ್ಟಿಫಿಕೇಟ್ ಇಲ್ಲ. 10 ಮತ್ತು 30 ತೆಗೆದವನ ಒಟ್ಟು 40, ಅವನಿಗೆ ಉಂಟು.

ಇಷ್ಟೆಲ್ಲ ಹೇಳಿದ ಮೇಲೂ ಬರುವ ಉತ್ತರ: "ಕಂಪ್ಯೂಟರ್ ತಪ್ಪು ಲೆಕ್ಕ ಮಾಡ್ತದಾ ಸರ್?" ಮಾಡುವುದಿಲ್ಲ. ನಾವು ಹೇಳಿದ್ದನ್ನೇ ಮಾಡುತ್ತದೆ, ನಾವು ಹೇಳಿದ್ದೇ ತಪ್ಪಾಗಿದ್ದರೂ. ಕೈಬರಹದ ಅಂಕಪಟ್ಟಿಯನ್ನು ಎರಡು ಸಲ ಕೂಡಿ ನೋಡುತ್ತಿದ್ದ ಮೇಷ್ಟ್ರುಗಳು ಪರದೆಯ ಮೇಲಿನ ದಶಮಾಂಶ ಕಂಡರೆ ಪ್ರಶ್ನೆಯನ್ನೇ ಕೇಳುವುದಿಲ್ಲ. ಅಂಕ ಪ್ರಕಟಿಸುವ ಮುಂಚೆ ಒಬ್ಬ ವಿದ್ಯಾರ್ಥಿಯ ಲೆಕ್ಕವನ್ನಾದರೂ ಪೆನ್ನು ಹಿಡಿದು ಮಾಡಿ ನೋಡಿ, ಐದು ನಿಮಿಷದ ಕೆಲಸ. ಹೊಂದದಿದ್ದರೆ ಪ್ರಕಟಿಸಬೇಡಿ.