ಕೂದಲಿಗೆ ಫಾಯಿಲ್ ಹೊದಿಕೆ

ಹಳ್ಳಿಯಾಗಲಿ ಬೆಂಗಳೂರಾಗಲಿ, ಚಪಾತಿ ಸುತ್ತಿಡುವ ಅಲ್ಯೂಮಿನಿಯಂ ಫಾಯಿಲ್ ಎಲ್ಲರಿಗೂ ಗೊತ್ತು. ಸಲೂನುಗಳಲ್ಲಿ ಅದೇ ಹಾಳೆ ತಲೆಗೇರುತ್ತದೆ. ‘ಹೈಲೈಟ್ಸ್’ ಮಾಡುವಾಗ, ಅಂದರೆ ಅಲ್ಲಲ್ಲಿ ಕೂದಲ ಬಣ್ಣ ತಿಳಿಗೊಳಿಸುವಾಗ, ಬಾಚಣಿಗೆಯ ಚೂಪು ಬಾಲದಿಂದ ಕೆಲವೇ ಎಳೆಗಳನ್ನು ಎತ್ತಿ, ಅವುಗಳ ಕೆಳಗೆ ಹಾಳೆಯಿಟ್ಟು, ಬ್ಲೀಚ್ ಸವರಿ ಮಡಿಸುತ್ತಾರೆ.

ಹೀಗೆ ಮಡಿಸಿದರೆ ಬ್ಲೀಚ್ ಪಕ್ಕದ ಕೂದಲಿಗೆ ತಾಗದು, ಬೇಗ ಒಣಗದು. ಶಾಖವೂ ಒಳಗೇ ಉಳಿಯುತ್ತದೆ. ನಮ್ಮ ಕಪ್ಪು ಕೂದಲಲ್ಲಿ ಬಣ್ಣ ಕೊಡುವ ಮೆಲನಿನ್ ದಟ್ಟ. ಬ್ಲೀಚ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಅದನ್ನು ಒಡೆಯುತ್ತಾ ಹೋದಂತೆ ಎಳೆ ಮೊದಲು ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ, ಕೊನೆಗೆ ಹಳದಿಯಾಗುತ್ತದೆ. ಅತಿಯಾದರೆ ಎಳೆಯೇ ತುಂಡಾಗುತ್ತದೆ.

ಅಜ್ಜಿಯರ ಗೋರಂಟಿ ಹೀಗಲ್ಲ. ಅದು ಬಣ್ಣ ಕೂಡಿಸುತ್ತದೆ, ಇದ್ದ ಕಪ್ಪನ್ನು ಕಳೆಯುವುದಿಲ್ಲ.

ಬಣ್ಣ ಹಾಕಿಸುವ 48 ಗಂಟೆ ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸುವಂತೆ ಕೇಳಿ. ಹಾಳೆಯೊಳಗೆ ನೆತ್ತಿ ಉರಿದರೆ ಸಹಿಸಿಕೊಂಡು ಕೂರಬೇಡಿ, ಕೂಡಲೇ ತೊಳೆಸಿ.