ಜಾತ್ರೆ ಸ್ಟೇಜಿಗೆ ಪ್ರೊಫೈಲರ್: ಗಿಟಾರ್ ಆಂಪ್‌ನ 'ಫೋಟೋ' ತೆಗೆಯೋದು ಹೇಗೆ?

ಇವತ್ತಿನ ಮಾತುಕತೆ ಗಿಟಾರ್ ನುಡಿಸೋರಿಗೆ, ಅದರಲ್ಲೂ ರಸಮಂಜರಿ ತಂಡಗಳಲ್ಲಿ ನುಡಿಸೋ ಹುಡುಗರಿಗೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು... ನಮ್ಮ ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಗಣೇಶನ ಹಬ್ಬದಿಂದ ಹಿಡಿದು ಬೇಸಿಗೆ ಜಾತ್ರೆವರೆಗೆ ನಾನು ಹತ್ತದ ಸ್ಟೇಜು ಕಡಿಮೆ. ಇತ್ತೀಚೆಗೆ ಪ್ರೋಗ್ರಾಂ ಮುಗಿದ ತಕ್ಷಣ ಯಾರಾದ್ರೂ ಒಬ್ಬ ಹುಡುಗ ಹತ್ತಿರ ಬಂದು ಕೇಳೋ ಪ್ರಶ್ನೆ ಒಂದೇ: 'ಅಣ್ಣಾ, ಪ್ರೊಫೈಲರ್ ತಗೋಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ?'

ಉತ್ತರಕ್ಕೆ ಮುಂಚೆ ನನ್ನ ಸೋಲಿನ ಕಥೆ ಕೇಳಿ. ಚೀಟಿ ಎತ್ತಿದ ದುಡ್ಡಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪ್ರೊಫೈಲರ್ ತಂದೆ. ಒಂದು ವಾರ ರಾತ್ರಿಯೆಲ್ಲ ಹೆಡ್‌ಫೋನ್ ಹಾಕ್ಕೊಂಡು ನೂರಾರು ಟೋನ್ ತಿರುವಿ ಹಾಕಿದೆ. ಸ್ವರ್ಗ! ಆಮೇಲೆ ನ್ಯಾಮತಿ ಹತ್ತಿರದ ಒಂದು ಊರಲ್ಲಿ ಮೊದಲ ಪ್ರೋಗ್ರಾಂ. ತಂತಿ ಮೀಟಿದೆ. ಸ್ಪೀಕರ್‌ನಿಂದ ಬಂದದ್ದು ಗಿಟಾರ್ ದನಿಯಲ್ಲ, ಡಬ್ಬಿಯೊಳಗೆ ಸಿಕ್ಕಿಹಾಕಿಕೊಂಡ ಜೇನುಹುಳದ ದನಿ. ಎರಡನೇ ಹಾಡಿಗೆ ಮಾಸ್ಟರ್ ಕೀಬೋರ್ಡ್‌ನವನಿಗೆ ಕಣ್ಸನ್ನೆ ಮಾಡಿದ್ರು, ಗಿಟಾರ್ ಪಾರ್ಟನ್ನ ಅವನೇ ಬಾರಿಸಿದ. ವಾಪಸ್ ಬರೋವಾಗ ವ್ಯಾನಲ್ಲಿ ಅವರು ಕೇಳಿದ್ರು: 'ಎಲ್ಲಾ ಕೀಬೋರ್ಡಲ್ಲೇ ಬರುತ್ತೆ ಅಂದ್ರೆ ನಿನಗೊಂದು ಸೀಟು ಯಾಕಪ್ಪ?' ನಮ್ಮ ಕಡೆ ಗಿಟಾರ್‌ನವರ ಅನ್ನ ಆ ಪ್ರಶ್ನೆ ಮೇಲೇ ನಿಂತಿದೆ. ತಪ್ಪು ಯಂತ್ರದ್ದಾಗಿರಲಿಲ್ಲ. ಅದು ಏನು ಮಾಡುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲ, ಅಷ್ಟೆ.

ಪ್ರೊಫೈಲರ್ ಅಂದ್ರೆ ಏನು?

ಎಲೆಕ್ಟ್ರಿಕ್ ಗಿಟಾರ್‌ನ ದನಿ ಗಿಟಾರ್ ಒಂದರಿಂದಲೇ ಹುಟ್ಟೋದಲ್ಲ. ಆಂಪ್, ಅದರ ಸ್ಪೀಕರ್ ಇರೋ ಕ್ಯಾಬಿನೆಟ್, ಅದರ ಮುಂದಿಟ್ಟ ಮೈಕ್, ಈ ಮೂರೂ ಸೇರಿದ್ರೆ ನಾವು ಕ್ಯಾಸೆಟ್ಟಲ್ಲಿ ಕೇಳಿದ ದನಿ. 1998ರಲ್ಲಿ ಬಂದ ಲೈನ್ 6 ಕಂಪನಿಯ ಪಾಡ್ ಥರದ ಯಂತ್ರಗಳು ಆಂಪ್‌ನ ವರ್ತನೆಯನ್ನು ಲೆಕ್ಕಾಚಾರದಿಂದ ಅನುಕರಿಸುತ್ತಿದ್ದವು. ಅದು ಕಲಾವಿದ ಚಿತ್ರ ಬರೆದ ಹಾಗೆ. ಪ್ರೊಫೈಲರ್ ಮಾಡೋದು ಫೋಟೋ ತೆಗೆಯೋ ಕೆಲಸ. ನಿಮ್ಮ ಎದುರಿರೋ ಆಂಪ್‌ಗೆ ಅದು ಕೆಲವು ಪರೀಕ್ಷಾ ಶಬ್ದಗಳನ್ನು ಕಳಿಸುತ್ತೆ. ಮೈಕ್ ಮೂಲಕ ವಾಪಸ್ ಬಂದದ್ದನ್ನು ಕೇಳಿಸಿಕೊಂಡು, ಹೋದದ್ದಕ್ಕೂ ಬಂದದ್ದಕ್ಕೂ ಇರೋ ವ್ಯತ್ಯಾಸ ಲೆಕ್ಕ ಹಾಕಿ, ಆ ಆಂಪ್‌ನ ಗುಣವನ್ನು ತನ್ನೊಳಗೆ ಇಟ್ಟುಕೊಳ್ಳುತ್ತೆ.

ಇದನ್ನು ಜನಪ್ರಿಯಗೊಳಿಸಿದ್ದು 2011ರಲ್ಲಿ ಪರಿಚಯವಾದ ಕೆಂಪರ್ ಪ್ರೊಫೈಲರ್. ಕೆಂಪರ್ ಅಂದ್ರೆ ಕೆಂಪು ಬಣ್ಣದ್ದು ಅಂತ ತಿಳ್ಕೋಬೇಡಿ! ಅದು ಕ್ರಿಸ್ಟೋಫ್ ಕೆಂಪರ್ ಅನ್ನೋ ಜರ್ಮನ್ ತಂತ್ರಜ್ಞರ ಹೆಸರು. ಆಮೇಲೆ ಫಿನ್‌ಲೆಂಡ್‌ನ ಕ್ವಾಡ್ ಕಾರ್ಟೆಕ್ಸ್, ಇಟಲಿಯ ಟೋನೆಕ್ಸ್ ಬಂದವು.

ಒಂದು ಮಾತು ನೆನಪಿಡಿ. ಫೋಟೋ ಅಂದ್ರೆ ಒಂದು ಕ್ಷಣ. ಆಂಪ್‌ನ ಗುಂಡಿಗಳು ಎಲ್ಲಿದ್ದವೋ ಆ ಒಂದು ಸೆಟ್ಟಿಂಗ್ ಮಾತ್ರ ಸೆರೆಯಾಗಿರುತ್ತೆ. ಗೇನ್ ಗುಂಡಿಯನ್ನು ಅಲ್ಲಿಂದ ತುಂಬಾ ದೂರ ತಿರುಗಿಸಿದ್ರೆ ಮುಂದಿನದು ಯಂತ್ರದ ಊಹೆ. ಅದಕ್ಕೇ ಕ್ಲೀನ್ ಬೇಕಾದ್ರೆ ಕ್ಲೀನ್ ಪ್ರೊಫೈಲನ್ನೇ ಹುಡುಕಿ. ಡಿಸ್ಟಾರ್ಷನ್ ಪ್ರೊಫೈಲನ್ನು ಇಳಿಸಿ ಕ್ಲೀನ್ ಮಾಡೋಕೆ ಹೋಗಬೇಡಿ.

ಮೊದಲ ದಿನ ಏನು ಮಾಡಬೇಕು?

ನೂರಾರು ಟೋನ್ ಮುಟ್ಟಬೇಡಿ, ಮೂರು ಸಾಕು. ಇಳಯರಾಜ ಕಾಲದ ಹಾಡುಗಳಿಗೆ ಒಂದು ಕ್ಲೀನ್. ಜಾನಪದವನ್ನು ರಾಕ್ ಮಾಡಿ ಹಾಡೋರಿಗೆ ಸ್ವಲ್ಪ ಒರಟಾದ ಒಂದು ಕ್ರಂಚ್. ಸೋಲೋಗೆ ಒಂದು ಲೀಡ್. ಮೂರರ ವಾಲ್ಯೂಮನ್ನೂ ಸಮ ಮಾಡಿ, ಲೀಡ್ ಮಾತ್ರ ಒಂದೆಳೆ ಜಾಸ್ತಿ ಇರಲಿ.

ಆಮೇಲೆ ಕ್ಯಾಬಿನೆಟ್ ಆನ್ ಇದೆಯಾ ನೋಡಿ. ನ್ಯಾಮತಿಯಲ್ಲಿ ನನ್ನನ್ನು ಕೆಡವಿದ್ದು ಇದೇ. ಯಂತ್ರದ ಹಿಂದೆ ಎರಡು ಮೂರು ಔಟ್‌ಪುಟ್ ಇರುತ್ತವೆ. ನಾನು ವೈರ್ ಸಿಕ್ಕಿಸಿದ್ದು ಮಾನಿಟರ್ ಔಟ್‌ಗೆ. ಹಳೇ ಮಾಲೀಕರು ಅದನ್ನು ನಿಜವಾದ ಗಿಟಾರ್ ಕ್ಯಾಬಿನೆಟ್‌ಗೆ ಜೋಡಿಸುತ್ತಿದ್ದರು, ಹಾಗಾಗಿ ಅಲ್ಲಿ ಕ್ಯಾಬಿನೆಟ್ ಆಫ್ ಮಾಡಿಟ್ಟಿದ್ದರು. ಹೆಡ್‌ಫೋನ್‌ನಲ್ಲಿ ಆನ್ ಇತ್ತು, ಅದಕ್ಕೇ ಮನೇಲಿ ಗೊತ್ತಾಗಲಿಲ್ಲ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್‌ ಮೇಲಿನ ದನಿಯನ್ನು ತಾನಾಗಿಯೇ ತಡೆಯುತ್ತೆ. ಮೈಕ್‌ಸೆಟ್ ಸ್ಪೀಕರ್ ತಡೆಯೋದಿಲ್ಲ, ಎಲ್ಲಾ ಕಿರುಚಿಸುತ್ತೆ. ಸೂತ್ರ ಸುಲಭ: ಮಿಕ್ಸರ್‌ಗೆ ಹೋದ್ರೆ ಕ್ಯಾಬಿನೆಟ್ ಆನ್, ಗಿಟಾರ್ ಕ್ಯಾಬಿನೆಟ್‌ಗೆ ಹೋದ್ರೆ ಆಫ್.

ಇನ್ನೊಂದು, ಮೆಲ್ಲಗೆ ಕೇಳುವಾಗ ನಮ್ಮ ಕಿವಿಗೆ ಬಾಸ್, ಟ್ರೆಬಲ್ ಎರಡೂ ಕಡಿಮೆ ಕೇಳಿಸುತ್ತೆ. ಸಾಲದು ಅಂತ ಏರಿಸ್ತೀವಿ. ಸ್ಟೇಜಲ್ಲಿ ಜೋರಾದಾಗ ಅದೇ ಗುಡುಗು, ಅದೇ ಕಿರುಚು. ಗಿಟಾರ್‌ನ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸ್. ಅದರ ಕೆಳಗಿನ ಜಾಗ ಬಾಸ್ ಗಿಟಾರ್‌ನವರಿಗೂ ರಿದಂ ಪ್ಯಾಡ್‌ನವರಿಗೂ ಸೇರಿದ್ದು, ಬಿಟ್ಟುಕೊಡಿ.

ಹೊನ್ನಾಳಿಯಲ್ಲಿ ಕಲಿತದ್ದು

ತುಂಗಭದ್ರೆ ದಂಡೆಯ ಹೊನ್ನಾಳಿಯಲ್ಲಿ ಮಳೆಗಾಲದ ಗಣೇಶನ ಪೆಂಡಾಲು, ಕಾಲಡಿ ಒದ್ದೆ ಹಲಗೆ. ಮಿಕ್ಸರ್‌ಗೆ ವೈರ್ ಕೊಟ್ಟ ತಕ್ಷಣ 'ಹುಂಯ್' ಅಂತ ಶುರು. ಹಳಬರು ಯಾರೋ ಪ್ಲಗ್ಗಿನ ಅರ್ಥಿಂಗ್ ಪಿನ್ ಕಿತ್ತುಬಿಡು ಅಂದ್ರು. ದಯವಿಟ್ಟು ಈ ಕೆಲಸ ಮಾತ್ರ ಮಾಡಬೇಡಿ. ಕೈಯಲ್ಲಿ ತಂತಿ, ತುಟಿಗೆ ಮೈಕು, ಕೆಳಗೆ ನೀರು, ಜೀವ ಹೋಗುತ್ತೆ. ಎಷ್ಟೋ ಪ್ರೊಫೈಲರ್‌ಗಳಲ್ಲಿ 'ಗ್ರೌಂಡ್ ಲಿಫ್ಟ್' ಅನ್ನೋ ಸ್ವಿಚ್ ಇರುತ್ತೆ. ಅದು ಸಿಗ್ನಲ್ ವೈರಿನ ಗ್ರೌಂಡ್ ಮಾತ್ರ ಬಿಡಿಸುತ್ತೆ, ಕರೆಂಟಿನ ಅರ್ಥಿಂಗ್ ಹಾಗೇ ಇರುತ್ತೆ. ಸ್ವಿಚ್ ಒತ್ತಿದೆ, ಹುಂಯ್ ನಿಂತಿತು.

ಮೈಕ್‌ಸೆಟ್‌ನವರಿಗೆ ಎರಡು ಮಾತು ಮೊದಲೇ ಹೇಳಿ. ಒಂದು, ನನ್ನ ಲೈನ್ ಜೋರಾಗಿ ಬರುತ್ತೆ, ಚಾನೆಲ್‌ನ ಗೇನ್ ಕೆಳಗಿಂದ ಶುರು ಮಾಡಿ. ಎರಡು, ನನ್ನ ಹಿಂದೆ ಆಂಪ್ ಇಲ್ಲ, ಮಾನಿಟರ್‌ನಲ್ಲಿ ಗಿಟಾರ್ ಕೊಡಿ. ನಮ್ಮ ಕಡೆ ಹೆಚ್ಚಿನ ಸೆಟ್‌ಗಳು ಮೋನೋ, ಹಾಗಾಗಿ ಎಡ-ಬಲ ಓಡಾಡೋ ಸ್ಟೀರಿಯೋ ಎಫೆಕ್ಟ್‌ಗಳನ್ನು ಮನೇಲೇ ಬಿಟ್ಟು ಬನ್ನಿ.

ಜಗಳೂರಿನ ಕರೆಂಟು

ಜಗಳೂರು ಕಡೆಯ ಬೇಸಿಗೆ ಜಾತ್ರೆ. ರಾತ್ರಿ ಹನ್ನೊಂದಕ್ಕೆ ಜನರೇಟರ್ ಒಂದು ಸಲ ಕೆಮ್ಮಿತು, ಅಷ್ಟೆ. ಟ್ಯೂಬ್‌ಲೈಟ್ ಮಿಣುಕಿ ಸರಿಹೋಯ್ತು. ಆದರೆ ನನ್ನ ಯಂತ್ರ ಒಂದು ಕಂಪ್ಯೂಟರ್. ಅದು ಮತ್ತೆ ಎದ್ದು ಕೂರೋದರಲ್ಲಿ ಪಲ್ಲವಿ ಮುಗಿದು ಚರಣ ಬಂದಿತ್ತು. ಅವತ್ತಿನಿಂದ ಒಂದು ಚಿಕ್ಕ ಯುಪಿಎಸ್ ನನ್ನ ಜೊತೆಗೇ ಬರುತ್ತೆ. ಸೆಟ್ಟಿಂಗ್‌ಗಳ ಬ್ಯಾಕಪ್ ಒಂದು ಪೆನ್‌ಡ್ರೈವ್‌ನಲ್ಲೂ ಇರಲಿ.

ದುಡ್ಡಿಲ್ಲ ಅಂದ್ರೆ?

ಹೊಸ ಕೆಂಪರ್ ದುಬಾರಿ. ಸಾಲ ಮಾಡಬೇಡಿ. 'ನ್ಯೂರಲ್ ಆಂಪ್ ಮಾಡೆಲರ್' ಅಂತ ಒಂದು ಸಾಫ್ಟ್‌ವೇರ್ ಇದೆ. ಸ್ಟೀವನ್ ಅಟ್ಕಿನ್ಸನ್ ಅನ್ನೋರು ಮಾಡಿದ್ದು, ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ಒಂದು ಲ್ಯಾಪ್‌ಟಾಪ್, ಒಂದು ಸಾಧಾರಣ ಆಡಿಯೋ ಇಂಟರ್‌ಫೇಸ್ ಇದ್ರೆ ಇವತ್ತೇ ಶುರು. ಬಫರ್ 128 ಸ್ಯಾಂಪಲ್ ಇಟ್ಟರೆ, 48,000 ಹರ್ಟ್ಸ್‌ನಲ್ಲಿ ಆ ಒಂದು ಬಫರ್‌ನ ತಡ ಸುಮಾರು 2.7 ಮಿಲಿಸೆಕೆಂಡ್. ಒಳಗೆ-ಹೊರಗೆ ಎಲ್ಲಾ ಸೇರಿ ಇನ್ನಷ್ಟು ಆಗುತ್ತೆ, ಆದರೂ ಹೆದರಬೇಡಿ. ಆಂಪ್‌ನಿಂದ ಒಂದು ಮೀಟರ್ ದೂರ ನಿಂತರೂ ದನಿ ಕಿವಿಗೆ ಬರೋಕೆ ಸುಮಾರು 3 ಮಿಲಿಸೆಕೆಂಡ್ ಬೇಕೇ ಬೇಕು.

ಚನ್ನಗಿರಿಯ ಹಳೇ ಆಂಪ್

ಕೊನೆಯದಾಗಿ, ಪ್ರೊಫೈಲರ್ ತಂದದ್ದು ಸಾರ್ಥಕ ಅನ್ನಿಸಿದ ದಿನದ ಕಥೆ. ಚನ್ನಗಿರಿಯಲ್ಲಿ ನನಗೆ ಕಾರ್ಡ್ ಹಿಡಿಯೋದು ಕಲಿಸಿದ ಮೇಷ್ಟ್ರು ಒಬ್ಬರಿದ್ದಾರೆ. ಅವರ ಹತ್ರ ಒಂದು ಹಳೇ ವಾಲ್ವ್ ಆಂಪ್. ವಾಲ್ವ್‌ಗಳು ಸೋತಿದ್ದವು, ಹೊಸವು ಸಿಗೋದು ಕಷ್ಟ. ಮೇಷ್ಟ್ರ ಬೆರಳುಗಳೂ ನಡುಗೋಕೆ ಶುರುವಾಗಿದ್ದವು. ಆಂಪ್ ಪೂರ್ತಿ ಕೈಕೊಡೋದರೊಳಗೆ ಅದರ ಫೋಟೋ ತೆಗೆದುಬಿಡೋಣ ಅಂದೆ.

ಅಡಿಕೆ ಒಣಗಿಸೋ ಅಂಗಳದ ಪಕ್ಕದ ಕೋಣೆ. ಪ್ರೊಫೈಲರ್‌ನಿಂದ ಒಂದು ವೈರ್ ಆಂಪ್‌ನ ಇನ್‌ಪುಟ್‌ಗೆ. ಹಾಡೋದಕ್ಕೆ ಬಳಸೋ ಸಾದಾ ಡೈನಮಿಕ್ ಮೈಕನ್ನೇ ಸ್ಪೀಕರ್‌ ಬಟ್ಟೆಗೆ ಎರಡು ಬೆರಳು ದೂರದಲ್ಲಿ ಇಟ್ಟು, ಅದರ ವೈರ್ ಪ್ರೊಫೈಲರ್‌ಗೆ ವಾಪಸ್. ಮೈಕ್ ಸ್ಪೀಕರ್‌ನ ನಟ್ಟನಡುವೆ ಇದ್ದಾಗ ದನಿ ಚೂಪಾಗಿತ್ತು, ಸ್ವಲ್ಪ ಅಂಚಿಗೆ ಸರಿಸಿದಾಗ ಮೆತ್ತಗಾಯ್ತು. ಒಂದು ಎಚ್ಚರಿಕೆ: ವಾಲ್ವ್ ಆಂಪನ್ನು ಸ್ಪೀಕರ್ ಕಳಚಿಟ್ಟು ಎಂದೂ ಆನ್ ಮಾಡಬೇಡಿ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಬಟನ್ ಒತ್ತಿದ ಮೇಲೆ ಬಂದ ಶಬ್ದ ಕೇಳಬೇಕಿತ್ತು, ಅಂಗಳಕ್ಕೆ ಹಾರುವ ತಟ್ಟೆ ಇಳಿದ ಹಾಗೆ! ಪಕ್ಕದ ಮನೆಯವರು ಇಣುಕಿ ನೋಡಿದ್ರು. ಕೆಲವೇ ನಿಮಿಷ, ಮುಗೀತು. ಆಮೇಲೆ ಪ್ರೊಫೈಲ್ ತಿದ್ದೋದಕ್ಕೆ ನಿಜವಾದ ಗಿಟಾರ್ ಸ್ವಲ್ಪ ಹೊತ್ತು ನುಡಿಸಬೇಕು. ಅದನ್ನು ಮೇಷ್ಟ್ರೇ ನುಡಿಸಿದ್ರು, ನಿಧಾನಕ್ಕೆ, ತಪ್ಪು ಮಾಡ್ತಾ. ಕ್ಲೀನ್, ಕ್ರಂಚ್, ಲೀಡ್ ಅಂತ ಮೂರು ಸಲ. ಆಮೇಲೆ ಆಂಪ್ ಒಮ್ಮೆ, ಪ್ರೊಫೈಲ್ ಒಮ್ಮೆ ಬದಲಿಸಿ ಬದಲಿಸಿ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೂತಿದ್ರು. ಯಾವುದು ಯಾವುದು ಅಂತ ಎರಡು ಸಲ ತಪ್ಪು ಹೇಳಿ ನಕ್ಕುಬಿಟ್ಟರು.

ಆ ಆಂಪ್ ಮುಂದಿನ ಮಳೆಗಾಲ ದಾಟಲಿಲ್ಲ. ಆದರೆ ಈಗ ನಾನು ಜಾತ್ರೆಗೆ ಒಯ್ಯೋ ಮೂರೇ ಮೂರು ಟೋನ್ ಆವತ್ತು ತೆಗೆದವು. ಹಳೇ ಮಾಸ್ಟರ್ ಈಗ ಸೀಟಿನ ಮಾತು ಎತ್ತೋದಿಲ್ಲ. ನಿಮ್ಮೂರಲ್ಲೂ ಅಂಥದ್ದೊಂದು ಹಳೇ ಆಂಪ್ ಮೂಲೇಲಿ ಕೂತಿರಬಹುದು, ಹೋಗಿ ಕೇಳಿ ನೋಡಿ.