ಹಳೆ ಪಿಕಪ್‌ಗೆ ಹೊಸ ಕಾಲು: ಎತ್ತರಿಸುವ ಮುನ್ನ ತಿಳಿಯಬೇಕಾದದ್ದು

ಬೆಂಗಳೂರು: ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿಯ ವಸತಿ ಸಮುಚ್ಚಯಗಳಲ್ಲಿ ಕಾರುಗಳ ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಪಿಕಪ್ ಕೂಡ ನಿಂತಿರುವುದು ಈಗ ಅಚ್ಚರಿಯ ನೋಟವಲ್ಲ. ಟೊಮೆಟೊ ಕ್ರೇಟು, ಸಿಮೆಂಟು ಮೂಟೆ ಹೊರಲೆಂದು ಹುಟ್ಟಿದ ಈ ಜಾತಿಯ ವಾಹನ ವಾರಾಂತ್ಯದಲ್ಲಿ ಮಲೆನಾಡಿನ ಕೆಸರುದಾರಿ ಹಿಡಿಯುವ ಹವ್ಯಾಸಕ್ಕೂ ಒದಗುತ್ತಿದೆ. ಹೊಸದರ ಬೆಲೆ ಕೈಗೆಟುಕದ ಕಾರಣ ಹಲವರ ಕಣ್ಣು ಬಳಸಿದ ವಾಹನಗಳ ಮೇಲಿದೆ. ತಯಾರಿಕೆ ನಿಂತಿರುವ ಸ್ಕಾರ್ಪಿಯೊ ಗೆಟ್‌ಅವೇ ಮತ್ತು ಟಾಟಾ ಝೆನಾನ್, 2016ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಇಸುಜು ವಿ-ಕ್ರಾಸ್, ನಾಲ್ಕುಚಕ್ರ ಚಾಲನೆಯ ಬೊಲೆರೊ ಕ್ಯಾಂಪರ್ ಇವುಗಳಲ್ಲಿ ಮುಖ್ಯವಾದವು.

ಕೊಂಡ ಮರುವಾರವೇ ಅದನ್ನು ಎತ್ತರಿಸಿ, ದಪ್ಪ ಟೈರು ತೊಡಿಸಿ, ಮುಂದೊಂದು ಉಕ್ಕಿನ ಬಂಪರ್ ಬಿಗಿಸುವ ಆಸೆ ಸಹಜ. ಕತ್ತರಿಸಲು, ಬಾಗಿಸಲು, ಬೆಸುಗೆ ಹಾಕಲು ನುರಿತ ಕೈಗಳು ಪೀಣ್ಯದಲ್ಲಿವೆ, ಬಿಡಿಭಾಗಗಳಿಗೆ ಜೆ.ಸಿ. ರಸ್ತೆಯಿದೆ. ಆದರೆ ಯಾವ ಬದಲಾವಣೆಯಿಂದ ನಿಜಕ್ಕೂ ಏನು ದಕ್ಕುತ್ತದೆ, ಯಾವುದಕ್ಕೆ ಕಾನೂನಿನ ಒಪ್ಪಿಗೆಯಿದೆ ಎಂಬ ಲೆಕ್ಕವನ್ನು ಮಾಲೀಕನೇ ಹಾಕಿಕೊಳ್ಳಬೇಕಾಗುತ್ತದೆ.

ಮೊದಲು ಚಾಸಿ

ಪಿಕಪ್‌ನ ಬಲವೆಲ್ಲ ಏಣಿಯಾಕಾರದ ಚಾಸಿಯಲ್ಲಿದೆ. ವರ್ಷಗಟ್ಟಲೆ ಮಿತಿಮೀರಿ ಹೊರೆ ಹೊತ್ತ ವಾಹನದಲ್ಲಿ ಕ್ಯಾಬಿನ್ನಿನ ಹಿಂಭಾಗಕ್ಕೆ, ಅಂದರೆ ಸರಕಿನ ತೊಟ್ಟಿ ಆರಂಭವಾಗುವಲ್ಲಿ, ಮತ್ತು ಹಿಂದಿನ ಲೀಫ್ ಸ್ಪ್ರಿಂಗ್ ಜೋಡಿಸಿರುವ ಕೊಂಡಿಗಳ ಬಳಿ ಬಿರುಕು ಕಾಣಿಸಿಕೊಳ್ಳುತ್ತದೆ. ಹೊಸ ಕಪ್ಪು ಬಣ್ಣ ಬಳಿದ ಚಾಸಿಯನ್ನು ಕಂಡಾಗ ಮೆಚ್ಚುವುದಕ್ಕಿಂತ ಅನುಮಾನಿಸುವುದೇ ಲೇಸು. ಕೆಎ-19 ಅಥವಾ ಕೆಎ-20 ಸಂಖ್ಯೆಯ, ಅಂದರೆ ಮಂಗಳೂರು, ಉಡುಪಿ ಕಡೆಯ ವಾಹನವಾದರೆ ಕಡಲಗಾಳಿಯ ತುಕ್ಕನ್ನು ತಳಭಾಗದಲ್ಲಿ ಹುಡುಕಬೇಕು. ಇಂಥ ಚಾಸಿಯ ಮೇಲೆ ಸಾವಿರಾರು ರೂಪಾಯಿಯ ಅಲಂಕಾರ ಹೂಡುವುದು ಬಿರುಕುಬಿಟ್ಟ ಗೋಡೆಗೆ ಸುಣ್ಣ ಬಳಿದಂತೆ.

ಅಗ್ಗವೆಂದು ಎರಡುಚಕ್ರ ಚಾಲನೆಯ ಪಿಕಪ್ ಕೊಂಡು, ನಂತರ ಗುಜರಿಯಿಂದ ಗೇರ್‌ಬಾಕ್ಸ್, ಆ್ಯಕ್ಸಲ್ ತಂದು ನಾಲ್ಕುಚಕ್ರಕ್ಕೆ ಪರಿವರ್ತಿಸುವ ಸಲಹೆಯೂ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಮುಂದಿನ ಆ್ಯಕ್ಸಲ್, ಟ್ರಾನ್ಸ್‌ಫರ್ ಕೇಸ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲವನ್ನೂ ಹೊಂದಿಸುವ ಖರ್ಚಿನಲ್ಲಿ ಮೊದಲೇ ನಾಲ್ಕುಚಕ್ರದ ವಾಹನ ಹುಡುಕುವುದು ಮೇಲು. ಕಾನೂನಿನ ತೊಡಕು ಬೇರೆ.

ಎತ್ತರದ ಲೆಕ್ಕ

ಸ್ಪ್ರಿಂಗ್ ಬದಲಿಸಿ ವಾಹನವನ್ನು 50 ಮಿ.ಮೀ. ಎತ್ತರಿಸಿದರೆ ನೆಲದಿಂದ ಅಂತರವೂ ಅಷ್ಟೇ ಹೆಚ್ಚುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಪಿಕಪ್‌ನ ಹಿಂದಿನ ಆ್ಯಕ್ಸಲ್ ಒಂದೇ ಗಟ್ಟಿ ದಂಡ. ಅದರ ನಡುವಿನ ಡಿಫರೆನ್ಷಿಯಲ್ ಗುಂಡು ಚಕ್ರಗಳ ಜೊತೆಗೇ ಇರುತ್ತದೆ. ದೇಹ ಎಷ್ಟು ಮೇಲೇರಿದರೂ ಆ ಗುಂಡು ಇದ್ದಲ್ಲೇ ಇರುತ್ತದೆ, ಬಂಡೆಗೆ ಮೊದಲು ತಾಗುವುದೂ ಹೆಚ್ಚಾಗಿ ಅದೇ. ಸ್ಪ್ರಿಂಗ್ ಎತ್ತರಿಸುವುದರಿಂದ ಸಿಗುವ ಲಾಭ ಬೇರೆ: ಬಂಪರ್ ತಾಗದೆ ದಿಣ್ಣೆ ಏರುವ ಕೋನ, ನಡುಹೊಟ್ಟೆ ತಗುಲದೆ ದಿಬ್ಬ ದಾಟುವ ಅವಕಾಶ. ಉದ್ದನೆಯ ಪಿಕಪ್‌ಗೆ ಇದು ಸಣ್ಣ ಲಾಭವೇನಲ್ಲ.

ಆ್ಯಕ್ಸಲ್ಲನ್ನೇ ಮೇಲೆತ್ತುವುದು ದೊಡ್ಡ ಟೈರು ಮಾತ್ರ. ಅದರ ಲೆಕ್ಕ ಸರಳ. 245/70 ಆರ್16 ಅಳತೆಯ ಟೈರಿನ ವ್ಯಾಸ ಸುಮಾರು 749 ಮಿ.ಮೀ.; 265/70 ಆರ್16ರದು 777 ಮಿ.ಮೀ. ವ್ಯತ್ಯಾಸ 28 ಮಿ.ಮೀ. ಆದರೂ ಆ್ಯಕ್ಸಲ್ ಏರುವುದು ಅದರ ಅರ್ಧ, 14 ಮಿ.ಮೀ. ಮಾತ್ರ. ಈ ಒಂದೂವರೆ ಸೆಂಟಿಮೀಟರಿಗೂ ಕಡಿಮೆ ಗಳಿಕೆಗೆ ತೆರುವ ಬೆಲೆಯೆಂದರೆ, ಸ್ಪೀಡೊಮೀಟರ್ ಮೊದಲು ಸರಿಯಾಗಿದ್ದರೆ ಅದು 80 ತೋರಿಸುವಾಗ ನಿಜವಾದ ವೇಗ ಸುಮಾರು 83 ಆಗಿರುತ್ತದೆ. ಗೇರುಗಳು ಶೇ 4ರಷ್ಟು ಉದ್ದವಾದಂತಾಗಿ, ಕಡಿದಾದ ಏರಿನಲ್ಲಿ ನಿಧಾನವಾಗಿ ತೆವಳಬೇಕಾದ ವಾಹನ ಅಷ್ಟರಮಟ್ಟಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಬ್ರೇಕ್‌ಗೂ ಕೆಲಸ ಹೆಚ್ಚು. ಮೂಲ ಅಳತೆಯಲ್ಲೇ ಸಿಗುವ, ಮಣ್ಣು ಮತ್ತು ರಸ್ತೆ ಎರಡಕ್ಕೂ ಒದಗುವ ಅಚ್ಚಿನ ಟೈರು ಈ ಯಾವ ತೊಂದರೆಯನ್ನೂ ತರದು.

ಇನ್ನು ಮುಂಭಾಗ. ವಿ-ಕ್ರಾಸ್‌ನಂಥ ವಾಹನಗಳಲ್ಲಿ ಮುಂದಿನ ಎರಡು ಚಕ್ರಗಳೂ ಸ್ವತಂತ್ರವಾಗಿ ಅಲುಗುತ್ತವೆ. ಅಲ್ಲಿ ಅತಿಯಾಗಿ ಎತ್ತರಿಸಿದರೆ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಕೀಲುಗಳು ಸದಾ ಬಾಗಿದ ಸ್ಥಿತಿಯಲ್ಲಿ ತಿರುಗಿ ಬೇಗ ಸವೆಯುತ್ತವೆ. ವಿಂಚ್ ಮತ್ತು ಉಕ್ಕಿನ ಬಂಪರ್ ಸೇರಿ ನೂರು ಕಿಲೊ ಮೂತಿಯ ಮೇಲೆ ಕುಳಿತರೆ ಎತ್ತರಿಸಿದ್ದರ ಒಂದು ಪಾಲು ಮತ್ತೆ ಇಳಿದುಹೋಗುತ್ತದೆ.

ಅಗ್ಗದ ಕೆಲಸಗಳು

ಹೆಚ್ಚು ಉಪಯೋಗಕ್ಕೆ ಬರುವ ಬದಲಾವಣೆಗಳು ನೋಡುವವರ ಕಣ್ಣಿಗೆ ಬೀಳದಂಥವು. ದೂರ ಓಡಿ ಬಿಸಿಯಾದ ಡಿಫರೆನ್ಷಿಯಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುಕೊಳವೆಯ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಕೆಲವು ದಿನಗಳ ನಂತರ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿ ಗೇರಿನ ಹಲ್ಲುಗಳು ಹಾಳಾಗುತ್ತವೆ. ಆ ಕೊಳವೆಗೆ ಉದ್ದದ ರಬ್ಬರ್ ಪೈಪು ಜೋಡಿಸಿ ಎಂಜಿನ್ ಕೋಣೆಯವರೆಗೆ ಎತ್ತಿ ಕಟ್ಟಿದರೆ ಮುಗಿಯಿತು.

ಸ್ನಾರ್ಕೆಲ್ ಕೂಡ ಇಂಥದ್ದೇ ಉದ್ದೇಶದ್ದು, ಆದರೆ ಗಾಳಿಪೆಟ್ಟಿಗೆಯ ಕೀಲುಗಳಲ್ಲಿ ಸಂದಿಯಿದ್ದರೆ ಅದು ಬರಿಯ ಶೃಂಗಾರ. ನೀರು ಗಾಳಿಯಂತೆ ಒತ್ತಿದರೆ ಕುಗ್ಗುವುದಿಲ್ಲ. ಸಿಲಿಂಡರಿಗೆ ಹೊಕ್ಕರೆ ಕನೆಕ್ಟಿಂಗ್ ರಾಡನ್ನೇ ಬಾಗಿಸುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಐಟಿ ನೌಕರರು ಟ್ರ್ಯಾಕ್ಟರ್ ಏರಿ ಕಚೇರಿ ತಲುಪಿದ್ದರು. ಅಂಥ ದಿನ ಎತ್ತರದ ಪಿಕಪ್ ಇದೆಯೆಂದು ಆಳ ತಿಳಿಯದ ನೀರಿಗೆ ನುಗ್ಗುವುದು ಎಂಜಿನ್ನಿಗೆ ಕುತ್ತು.

ಟೈರಿನ ಗಾಳಿ ಇಳಿಸುವುದಕ್ಕಂತೂ ಖರ್ಚೇ ಇಲ್ಲ. ರಸ್ತೆಯಲ್ಲಿ 32ರಿಂದ 35 ಪಿಎಸ್‌ಐ ಇರುವುದನ್ನು ಮರಳು, ಕೆಸರಿನಲ್ಲಿ 20ರ ಆಸುಪಾಸಿಗೆ ಇಳಿಸಿದರೆ ಟೈರು ಅಗಲವಾಗಿ ಹರಡಿ ಹಿಡಿತ ಹೆಚ್ಚುತ್ತದೆ. ಡಾಂಬರಿಗೆ ಮರಳುವ ಮುನ್ನ ಮತ್ತೆ ತುಂಬಿಸಲು ಸಣ್ಣ ಕಂಪ್ರೆಸರ್ ಸಾಕು. ಖಾಲಿ ಪಿಕಪ್ ಕುಪ್ಪಳಿಸುವುದಕ್ಕೆ ಕಾರಣ ಟನ್ನುಗಟ್ಟಲೆ ಹೊರೆಗೆಂದು ಮಾಡಿದ ಹಿಂದಿನ ಲೀಫ್ ಸ್ಪ್ರಿಂಗ್. ಪಟ್ಟಿಯೊಂದನ್ನು ಕಿತ್ತುಹಾಕುವ ಬದಲು ಡೇರೆ, ನೀರು, ಹೆಚ್ಚುವರಿ ಚಕ್ರವನ್ನು ಹಿಂದೆ ಬಿಗಿಯಾಗಿ ಕಟ್ಟಿದರೆ ಅರ್ಧ ಸಮಸ್ಯೆ ನೀಗುತ್ತದೆ. ಮಲೆನಾಡಿನ ಎಸ್ಟೇಟುಗಳಲ್ಲಿ ಮಳೆಗಾಲಕ್ಕೆ ಟೈರಿಗೆ ಸರಪಳಿ ಸುತ್ತಿಕೊಂಡು ಓಡಾಡುವ ಹಳೆಯ ಜೀಪುಗಳನ್ನು ಕಂಡವರಿಗೆ ಈ ಮಾತು ಹೊಸದೇನಲ್ಲ.

ಕಾನೂನಿನ ಗೆರೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸುವ ಅವಕಾಶ ನೀಡಿತು. ಬಂಪರಿನ ಮುಂದೆ ಬಿಗಿಯುವ ಲೋಹದ ಗಾರ್ಡುಗಳ ವಿರುದ್ಧ ಕ್ರಮಕ್ಕೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಅವು ಪಾದಚಾರಿಗೆ ಮಾರಕ. ಡಿಕ್ಕಿಯ ಪೆಟ್ಟನ್ನು ಮೂತಿ ಹೀರದಂತೆ ತಡೆದು ಒಳಗಿರುವವರಿಗೂ ಅಪಾಯ ತರುತ್ತವೆ.

ದಂಡವನ್ನು ಕಟ್ಟಿ ಮರೆಯಬಹುದು, ವಿಮೆಯನ್ನಲ್ಲ. ತಿಳಿಸದೆ ಮಾಡಿದ ಮಾರ್ಪಾಟು ಪರಿಹಾರ ನಿರಾಕರಿಸಲು ವಿಮಾ ಕಂಪನಿಗೆ ಕಾರಣವಾಗಬಹುದು. ಇಂಥ ಪಿಕಪ್ ತಿಂಗಳಿಗೊಂದು ದಿನ ಕೆಸರಿನಲ್ಲಿದ್ದರೆ ಉಳಿದ ದಿನ ಹೊಸೂರು ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ದ್ವಿಚಕ್ರ ವಾಹನಗಳ ನಡುವೆ ಓಡುತ್ತದೆ. ಗುರುತ್ವಕೇಂದ್ರ ಮೇಲೇರಿ, ಬ್ರೇಕ್ ದೂರ ಹೆಚ್ಚಿದ ವಾಹನದ ನಿಜವಾದ ಪರೀಕ್ಷೆ ಆ ದಿನಗಳಲ್ಲೇ ನಡೆಯುತ್ತದೆ.

ಹಳದಿ ಫಲಕದ ಪಿಕಪ್ ಕೊಳ್ಳುವವರು ಇನ್ನೂ ಎಚ್ಚರ ವಹಿಸಬೇಕು. ಸರಕು ವಾಹನಕ್ಕೆ ಎಂಟು ವರ್ಷದ ನಂತರ ಪ್ರತಿವರ್ಷ ಅರ್ಹತಾ ಪತ್ರ ಬೇಕು. ಹಿಂದಿನ ತೊಟ್ಟಿಯಲ್ಲಿ ಸ್ನೇಹಿತರನ್ನು ಕೂರಿಸುವಂತಿಲ್ಲ. ಖಾಸಗಿ ನೋಂದಣಿಗೆ ಬದಲಾಯಿಸಬಹುದೇ, ತೆರಿಗೆ ಎಷ್ಟೆಂಬುದನ್ನು ಮುಂಗಡ ಕೊಡುವ ಮುನ್ನ ಸಂಬಂಧಪಟ್ಟ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ಸಾಲ ಬಾಕಿಯಿದ್ದ ವಾಹನವಾದರೆ ಬ್ಯಾಂಕಿನ ಒಪ್ಪಿಗೆಯ 35ನೇ ನಮೂನೆ, ಹೆಸರು ವರ್ಗಾವಣೆಗೆ 29 ಮತ್ತು 30ನೇ ನಮೂನೆಗಳು ಕೈಸೇರಬೇಕು.

ಕೊನೆಗೆ, ಓಡಿಸುವುದೆಲ್ಲಿ? ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಹಸಿರು ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ. ಅಲ್ಲಿಗೆ ಅನುಮತಿಯಿಲ್ಲದೆ ಕಾಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮೀಸಲು ಅರಣ್ಯಗಳಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಖಾಲಿಯಾಗಿ ಕಾಣುವ ಉಳಿದ ನೆಲವೆಂದರೆ ಕೆರೆಯಂಗಳ, ಗೋಮಾಳ, ಇಲ್ಲವೆ ಯಾರದೋ ರಾಗಿ ಹೊಲ. ಹವ್ಯಾಸಿಗಳಿಗೆ ಉಳಿಯುವುದು ಮಾಲೀಕರ ಒಪ್ಪಿಗೆ ಪಡೆದ ಖಾಸಗಿ ತೋಟ ಮತ್ತು ಎಸ್ಟೇಟುಗಳು, ಹಾಗೂ ಹಳ್ಳಿಗಳನ್ನು ಬೆಸೆಯುವ ಸಾರ್ವಜನಿಕ ಮಣ್ಣಿನ ರಸ್ತೆಗಳು. ಈ ರಸ್ತೆಗಳಲ್ಲಿ ಬಹುತೇಕವನ್ನು ಒಳ್ಳೆಯ ಟೈರು ತೊಟ್ಟ, ಯಾವ ಮಾರ್ಪಾಟೂ ಇಲ್ಲದ ನಾಲ್ಕುಚಕ್ರ ಚಾಲನೆಯ ಪಿಕಪ್ ದಾಟಬಲ್ಲದು.